ಹನ್ನೊಂದು ಗಂಟುಗಳು

ಸೇಡಂ ಪಟ್ಟಣದ ಹಳೆಯ ಓಣಿಗಳಲ್ಲಿ ಇಂದಿಗೂ ಶಹಾಬಾದ ಕಲ್ಲಿನ ಹಾಸು, ಶಹಾಬಾದ ಕಲ್ಲಿನ ಗೋಡೆ, ಶಹಾಬಾದ ಕಲ್ಲಿನದೇ ಮಾಡು ಉಳ್ಳ ಮನೆಗಳು ಕೆಲವು ಉಳಿದುಕೊಂಡು ಬಂದಿವೆ. ಅಂಥದೊಂದು ಮನೆಯಲ್ಲಿ, ಪ್ರೌಢಶಾಲೆಯಲ್ಲಿ ಮೂರು ದಶಕಗಳಿಗೂ ಮಿಕ್ಕಿ ಕನ್ನಡ ಪಾಠ ಹೇಳಿ ನಿವೃತ್ತರಾದ ಪಂಡಿತರೊಬ್ಬರು ವಾಸವಾಗಿದ್ದಾರೆ. ಅವರ ಹೆಸರು ಇಲ್ಲಿ ಬೇಕಾಗಿಲ್ಲ. ಅಚ್ಚಿನಲ್ಲಿ ತಮ್ಮ ಹೆಸರನ್ನು ಕಾಣುವುದು ಅವರಿಗೆ ಎಂದೂ ಹಿತವೆನಿಸಿದ್ದಿಲ್ಲ. ಕೆಲವು ವರ್ಷಗಳ ಹಿಂದೆ ಮಾಘಮಾಸದಲ್ಲಿ ಅವರ ಧರ್ಮಪತ್ನಿ ಲಿಂಗೈಕ್ಯರಾದರು. ಎರಡು ದಿನಗಳ ಅಸ್ವಸ್ಥತೆ ಮಾತ್ರ. ಹೇಳತಕ್ಕದ್ದನ್ನು ಹೇಳಿ, ಒಪ್ಪಿಸತಕ್ಕದ್ದನ್ನು ಒಪ್ಪಿಸಿ ಹೋಗುವಷ್ಟು ವ್ಯವಧಾನ ಆ ತಾಯಿಗೆ ದೊರೆಯಲಿಲ್ಲ.

ಫಾಲ್ಗುಣದ ಕೊನೆಗೆ ಯುಗಾದಿಯ ಸಲುವಾಗಿ ಮನೆ ತೊಳೆಯುವಾಗ ಸೊಸೆ ಅಡುಗೆಮನೆಯ ಮೂಲೆಯ ಅಡಕಲ ಗಡಿಗೆಗಳನ್ನು ಒಂದೊಂದಾಗಿ ಇಳಿಸಿದಳು. ಎಲ್ಲಕ್ಕೂ ಕೆಳಗಿನ ಗಡಿಗೆಯಲ್ಲಿ ಕಂಠದವರೆಗೆ ಒಲೆಯ ಬೂದಿ. ತಿಪ್ಪೆಗೆ ಸುರಿಯಬೇಕೆಂದು ಹೊರಗೆ ತಂದು ವಾಲಿಸಿದಾಗ ಬೂದಿಯೊಳಗಿಂದ ಬಟ್ಟೆಯ ಗಂಟೊಂದು ಉರುಳಿತು. ಅದರ ಬೆನ್ನಿಗೆ ಮತ್ತೊಂದು. ಎಣಿಸಿ ನೋಡಿದರೆ ಹನ್ನೊಂದು.

“ಮಾವನೋರ, ಅತ್ತಿಯೋರು ಬೀಜ ಕಟ್ಟಿಟ್ಟಾರ ನೋಡ್ರಿ. ಯಾವ್ದರ ಮ್ಯಾಲೂ ಹೆಸರಿಲ್ಲ.”

ಪಂಡಿತರು ಪಡಸಾಲೆಯಲ್ಲಿ ಕುಳಿತು ಗಂಟುಗಳನ್ನು ಬಿಚ್ಚಿಸಿದರು. ನಾಲ್ಕನ್ನು ಸೊಸೆ ನೋಡಿದೊಡನೆ, ಮೂಸಿದೊಡನೆ ಹೇಳಿಬಿಟ್ಟಳು: ಮೆಂತ್ಯ, ಕೊತ್ತಂಬರಿ, ಸಬ್ಬಸಗಿ, ಅಜವಾನ. ಅಡುಗೆಮನೆಯಲ್ಲಿ ಕೈಯಾಡಿಸಿದವರಿಗೆ ಇವುಗಳಲ್ಲಿ ಸಂದೇಹವಿಲ್ಲ. ಮುಂದಿನ ಏಳರಲ್ಲಿ ಅವಳೂ ಸೋತಳು. ಒಂದರಲ್ಲಿ ಸಾಸಿವೆಗಿಂತ ಸಣ್ಣ ಕಪ್ಪು ಕಾಳು, ಒಂದರಲ್ಲಿ ಅದಕ್ಕೂ ಸಣ್ಣದಾದ ಕಂದು ಕಾಳು, ಒಂದರಲ್ಲಿ ಮರಳಿನಂತೆ ಗಡುಸಾದ ಹಳದಿ ಕಾಳು, ಇನ್ನೊಂದರಲ್ಲಿ ಬೀಜವೋ ಧೂಳೋ ತಿಳಿಯಲಾರದಂಥ ಹುಡಿ. ಒಂದು ಗಂಟು ಮಾತ್ರ ಬಿಚ್ಚಲೊಲ್ಲದು. ದಬ್ಬಣ ತಂದು ಬಿಡಿಸಬೇಕಾಯಿತು. ಅದರಲ್ಲಿ ಚಪ್ಪಟೆಯಾದ, ಕಿವಿಯ ಆಕಾರದ ಕಂದುಹಳದಿ ಬೀಜಗಳಿದ್ದವು. “ಇವು ಮೆಣಸಿನಕಾಯಿ ಬೀಜ ಇರಬೇಕ್ರಿ” ಎಂದು ಸೊಸೆ ಅವನ್ನು ಬೇರೆಯಾಗಿ ತೆಗೆದಿಟ್ಟಳು.

ಪಂಡಿತರಿಗೆ ಅಂದು ಉಂಟಾದ ನಾಚಿಕೆಯನ್ನು ಅವರ ಶಿಷ್ಯರು ಸುಲಭವಾಗಿ ಊಹಿಸಬಲ್ಲರು. ಅಮರಕೋಶದ ದ್ವಿತೀಯ ಕಾಂಡದ ವನೌಷಧಿವರ್ಗವನ್ನು ಅವರು ಹನ್ನೆರಡನೆಯ ವಯಸ್ಸಿನಲ್ಲಿ ಮುಖೋದ್ಗತ ಮಾಡಿದವರು. ಒಂದೊಂದು ಮೂಲಿಕೆಗೆ ಐದು, ಆರು, ಏಳು ಪರ್ಯಾಯಪದಗಳು; ಪ್ರತಿಯೊಂದಕ್ಕೂ ಲಿಂಗನಿರ್ಣಯ, ವ್ಯುತ್ಪತ್ತಿ. ನಿದ್ರೆಯಲ್ಲಿ ಎಬ್ಬಿಸಿ ಕೇಳಿದರೂ ತಪ್ಪುತ್ತಿರಲಿಲ್ಲ. ಆದರೆ ಹೆಸರಿನಿಂದ ಗಿಡಕ್ಕೆ ಹೋಗುವ ದಾರಿ ಬೇರೆ, ಬೀಜದಿಂದ ಹೆಸರಿಗೆ ಬರುವ ದಾರಿ ಬೇರೆ. ಎರಡನೆಯ ದಾರಿಯಲ್ಲಿ ಅವರು ಒಂದು ಹೆಜ್ಜೆಯನ್ನೂ ಇಟ್ಟಿದ್ದಿಲ್ಲ.

ಇಟ್ಟಿದ್ದಿಲ್ಲವೆಂದರೆ ಅವಕಾಶವಿಲ್ಲದೆ ಅಲ್ಲ. ಆ ತಾಯಿ ಚಿಂಚೋಳಿ ತಾಲೂಕಿನ ಹಳ್ಳಿಯಿಂದ ಮದುವೆಯಾಗಿ ಬರುವಾಗ ತವರಿನ ಬೀಜಗಳನ್ನು ಉಡಿಯಲ್ಲಿ ತಂದವರು. ಚಿಂಚೋಳಿಯ ಕಡೆ ನೆಲದ ಬಣ್ಣವೇ ಬೇರೆ. ಜಂಬಿಟ್ಟಿಗೆಯ ಗುಡ್ಡ, ಕೆಂಪು ಮಣ್ಣು, ಕುರುಚಲು ಕಾಡು. ಚಂದ್ರಂಪಳ್ಳಿ ಜಲಾಶಯದ ಸುತ್ತಿನ ಆ ಕಾಡನ್ನು 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಮದ್ದಿನ ಗಿಡಗಳ ಪರಿಚಯ ಅಲ್ಲಿಯ ಹಳ್ಳಿಗರಿಗೆ ಅಕ್ಷರಕ್ಕಿಂತ ಮೊದಲು ಆಗುವಂಥದು. ಅಲ್ಲಿಂದ ಸೇಡಮಿನ ಎರೆನೆಲಕ್ಕೆ ಬಂದ ಸೊಸೆ, ಹಿತ್ತಲಿನ ನಾಲ್ಕು ಮಾರು ಜಾಗದಲ್ಲಿ ಅಡುಗೆಗೆ ಬೇಕಾದುದನ್ನೂ ಪೂಜೆಗೆ ಬೇಕಾದುದನ್ನೂ ಓಣಿಯ ಮಕ್ಕಳ ನೆಗಡಿ, ಕೆಮ್ಮು, ಹೊಟ್ಟೆನೋವುಗಳಿಗೆ ಬೇಕಾದುದನ್ನೂ ಬೆಳೆದಳು. ವರ್ಷ ವರ್ಷವೂ ರೋಹಿಣಿ ಮಳೆಯ ಸುಮಾರಿಗೆ, ಎಂದರೆ ಮೇ 25ರ ಆಜುಬಾಜಿಗೆ, ಒಡೆದ ಗಡಿಗೆಗಳ ಬೋಕಿಗಳೂ ತೆಂಗಿನ ಪರಟೆಗಳೂ ತಗಡಿನ ಡಬ್ಬಿಗಳೂ ಪಡಸಾಲೆಯ ಒಳಗೋಡೆಗೆ ಸಾಲಾಗಿ ಬಂದು ಕೂಡುತ್ತಿದ್ದವು. ಮೂವತ್ತೆಂಟು ವರ್ಷ ಅವನ್ನು ಪಂಡಿತರು ಕಂಡರು, ನೋಡಲಿಲ್ಲ. ಪುಸ್ತಕ ಹಿಡಿದು ಅತ್ತಿತ್ತ ಸುಳಿಯುವಾಗ ಕಾಲಿಗೆ ತಾಗಿ ಒಂದೆರಡು ಬೋಕಿಗಳು ಉರುಳುತ್ತಿದ್ದುದೂ, “ನಡು ಮನೆಯಲ್ಲಿ ಇದೆಂಥ ಒಕ್ಕಲುತನ?” ಎಂದು ಅವರು ಸಿಡುಕುತ್ತಿದ್ದುದೂ ಉಂಟು. ಆಕೆ ಉತ್ತರ ಕೊಡದೆ ಚೆಲ್ಲಿದ ಮಣ್ಣನ್ನು ಬೊಗಸೆಯಲ್ಲಿ ಎತ್ತಿ ತುಂಬುತ್ತಿದ್ದರು.

ಈಗ ಆ ಗಂಟುಗಳನ್ನು ಕಂಡಾಗ ಪಂಡಿತರು ತಡಮಾಡಲಿಲ್ಲ. ತಡಮಾಡಬೇಕಾಗಿತ್ತು. ಯುಗಾದಿಯಾದ ವಾರದಲ್ಲಿಯೇ ಹಿತ್ತಲನ್ನು ಅಗೆಸಿದರು. ಒಣಗಿ ನಿಂತಿದ್ದ ಕಡ್ಡಿಕಸವನ್ನೆಲ್ಲ ಕೀಳಿಸಿದರು. ಮಡಿ ಮಾಡಿಸಿ, ಪ್ರತಿಯೊಂದು ಗಂಟಿನ ಅರ್ಧ ಬೀಜವನ್ನು ಸಾಲಾಗಿ ಬಿತ್ತಿ, ಕೈಪಂಪಿನ ನೀರು ಹೊಯಿಸಿದರು. ಗಿಡವಾಗಿ ಎದ್ದು ನಿಂತರೆ ಯಾವುದು ಯಾವುದೆಂದು ತಿಳಿದೇ ತಿಳಿಯುತ್ತದೆ ಎಂಬುದು ಅವರ ಯುಕ್ತಿ. ಯುಕ್ತಿ ಸರಿಯಾಗಿಯೇ ಇತ್ತು. ಕಾಲವಾಗಲಿ ದೇಶವಾಗಲಿ ಸರಿಯಾಗಿರಲಿಲ್ಲ. ಈ ಸೀಮೆಯ ಬೇಸಿಗೆಯನ್ನು ಬಲ್ಲವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಚೈತ್ರ ವೈಶಾಖಗಳಲ್ಲಿ ಉಷ್ಣಮಾನ 42 ಡಿಗ್ರಿಯನ್ನು ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಮುಂಜಾನೆ ಹೊಯ್ದ ನೀರು ಮಧ್ಯಾಹ್ನಕ್ಕೆ ಆರಿ, ಎರೆಮಣ್ಣು ಬಿರಿದು, ಬಿರುಕಿನಲ್ಲಿ ಇರುವೆಗಳು ಬೀಜವನ್ನು ಹೊತ್ತು ಮೆರವಣಿಗೆ ಹೊರಟವು. ಮೆಂತ್ಯವೊಂದು ನಾಲ್ಕನೆಯ ದಿನ ತಲೆಯೆತ್ತಿ ಏಳನೆಯ ದಿನ ಸುಟ್ಟುಹೋಯಿತು. ಮೃಗಶಿರ ಮಳೆ ಬಿದ್ದ ಮೇಲೆ ಹಿತ್ತಲೆಲ್ಲ ಹಸುರಾಯಿತೇನೋ ನಿಜ. ಆದರೆ ಅದರಲ್ಲಿ ಬಿತ್ತಿದ್ದು ಯಾವುದು, ತಾನೇ ಹುಟ್ಟಿದ್ದು ಯಾವುದು? ಆಳು ಬಂದು ಕಳೆಯೆಂದು ಎಲ್ಲವನ್ನೂ ಒಂದೇ ಹೊತ್ತಿಗೆ ಹರಗಿ ಹೋದ.

ಗಂಟುಗಳಲ್ಲಿ ಅರ್ಧ ಉಳಿಯಿತು. ಅರ್ಧ ಉಳಿಯಿತೆನ್ನುವುದೂ ಪೂರ್ತಿ ನಿಜವಲ್ಲ. ಬೀಜವು ಕಲ್ಲಲ್ಲ, ಒಳಗೆ ಉಸಿರಾಡುವ ಜೀವ. ಪ್ರತಿ ಮಳೆಗಾಲದ ತೇವ, ಪ್ರತಿ ಬೇಸಿಗೆಯ ಕಾವು ಅದರ ಆಯುಷ್ಯವನ್ನು ಸ್ವಲ್ಪ ಸ್ವಲ್ಪವಾಗಿ ಕಳೆಯುತ್ತದೆ. ಹೊರಗಿನಿಂದ ನೋಡಿದರೆ ಬದುಕಿದ ಬೀಜಕ್ಕೂ ಸತ್ತ ಬೀಜಕ್ಕೂ ಭೇದವೇ ಕಾಣದು. ಬೇವಿನ ಬೀಜ ಕೆಲವೇ ವಾರಗಳಲ್ಲಿ ಸಾಯುತ್ತದೆ. ಮೆಂತ್ಯ, ತುಳಸಿಗಳು ವರ್ಷಗಳನ್ನು ತಾಳುತ್ತವೆ. ಒಲೆಯ ಬೂದಿಯಲ್ಲಿ ಹುಗಿದಿಡುವುದು ಈ ಕಾರಣಕ್ಕೇ: ಒಣಬೂದಿಯು ತೇವವನ್ನು ಹೀರುತ್ತದೆ, ಹುಳುಗಳನ್ನು ದೂರವಿಡುತ್ತದೆ. ಸೊಸೆ ಸುರಿಯಹೊರಟದ್ದು ಕಸವನ್ನಲ್ಲ, ಮನೆಯ ಬೀಜಭಂಡಾರದ ಕಾವಲನ್ನು. ಅದನ್ನು ತಿಳಿದ ಮೇಲೆ ಪಂಡಿತರೇ ಹೊಸ ಬೂದಿಯನ್ನು ಜರಡಿ ಹಿಡಿದು ಗಡಿಗೆಗೆ ತುಂಬಿದರು.

ಆಮೇಲೆ ಅವರು ಪುಸ್ತಕಗಳಿಗೆ ಶರಣು ಹೋದರು. ವಿದ್ವಾಂಸರ ಸ್ವಭಾವವೇ ಅದು. ತೋಟಿಗನಿರುವ ಓಣಿಯನ್ನು ಬಿಟ್ಟು ಗ್ರಂಥವಿರುವ ಕಪಾಟಿಗೆ ಹೋಗುವುದು. ಕೌಟಿಲ್ಯನ ಅರ್ಥಶಾಸ್ತ್ರದ ಸೀತಾಧ್ಯಕ್ಷ ಪ್ರಕರಣದಲ್ಲಿ, ಧಾನ್ಯಬೀಜಗಳನ್ನು ಏಳು ರಾತ್ರಿ ಇಬ್ಬನಿಗೂ ಹಗಲಿನ ಬಿಸಿಲಿಗೂ ಒಡ್ಡಬೇಕೆಂದೂ ಹತ್ತಿಯಂಥ ಗಡುಸು ಬೀಜಗಳಿಗೆ ಸೆಗಣಿ ಸವರಬೇಕೆಂದೂ ಇದೆ. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ವೃಕ್ಷಾಯುರ್ವೇದಕ್ಕೆಂದೇ ಒಂದು ಅಧ್ಯಾಯವಿದೆ. ಕನ್ನಡಿಗರಿಗೆ ಹೆಮ್ಮೆಯ ಸಂಗತಿಯೆಂದರೆ, ಚಾಲುಕ್ಯ ಜಯಸಿಂಹನ ಆಶ್ರಯದಲ್ಲಿದ್ದ ಚಾವುಂಡರಾಯನು 1025ರ ಸುಮಾರಿಗೆ ರಚಿಸಿದ ‘ಲೋಕೋಪಕಾರ’ದಲ್ಲಿ ಅಡುಗೆ, ಸುಗಂಧ, ವಾಸ್ತು, ಪಶುವೈದ್ಯಗಳೊಡನೆ ವೃಕ್ಷಾಯುರ್ವೇದವೂ ನಮ್ಮ ನುಡಿಯಲ್ಲಿಯೇ ಬಂದಿರುವುದು. ಸಾವಿರ ವರ್ಷಗಳ ಹಿಂದೆ ಕನ್ನಡದ ಕವಿಯೊಬ್ಬ ಬೀಜಸಂಸ್ಕಾರವನ್ನು ಕಾವ್ಯಕ್ಕೆ ಅನರ್ಹವೆಂದು ತಿಳಿಯಲಿಲ್ಲ. ಪಂಡಿತರಿಗೆ ಇನ್ನೊಂದು ನೆನಪೂ ಬಂತು. ಅಶೋಕ ಚಕ್ರವರ್ತಿಯ ಎರಡನೆಯ ಬಂಡೆಶಾಸನದಲ್ಲಿ, ಮನುಷ್ಯರಿಗೂ ಪಶುಗಳಿಗೂ ಹಿತವಾದ ಔಷಧಿಗಳು ಎಲ್ಲೆಲ್ಲಿ ಇಲ್ಲವೋ ಅಲ್ಲಲ್ಲಿಗೆ ತರಿಸಿ ನೆಡಿಸಿದ ಮಾತಿದೆ. ಚಿತ್ತಾಪುರ ತಾಲೂಕಿನ ಸನ್ನತಿಯಲ್ಲಿ 1980ರ ದಶಕದಲ್ಲಿ ದೊರೆತ ಅಶೋಕನ ಶಾಸನದಲ್ಲಿಯೂ ಆ ಭಾಗವಿದ್ದಿದ್ದರೆ ಎಷ್ಟು ಚೆಂದವಾಗುತ್ತಿತ್ತು! ಆದರೆ ಅಲ್ಲಿ ಉಳಿದಿರುವುದು ಹನ್ನೆರಡನೆಯದು, ಹದಿನಾಲ್ಕನೆಯದು ಮತ್ತು ಪ್ರತ್ಯೇಕ ಶಾಸನಗಳೆರಡು. ಇಲ್ಲದ್ದನ್ನು ಇದೆಯೆಂದು ಹೇಳುವುದು ಊರಿನ ಅಭಿಮಾನಕ್ಕೂ ಶೋಭಿಸದು.

ಇಷ್ಟೆಲ್ಲ ಓದಿದ ಮೇಲೂ ಒಂದು ಪ್ರಶ್ನೆಗೆ ಉತ್ತರ ಸಿಕ್ಕಲಿಲ್ಲ. ಬೋಕಿಯೊಂದಕ್ಕೆ ಎಷ್ಟು ನೀರು?

ಉತ್ತರದ ಅರ್ಧ ನವರಾತ್ರಿಯಲ್ಲಿ ಬಂತು. ನೆರೆಮನೆಯಲ್ಲಿ ಘಟ ಹಾಕಿದ್ದರು. ದೇವರ ಮನೆಯ ಅರೆಗತ್ತಲೆಯಲ್ಲಿ, ಎಲೆಯ ಮೇಲೆ ಹರಡಿದ ಮಣ್ಣಿನಲ್ಲಿ, ಬಿತ್ತಿದ ಕಾಳುಗಳು ಮೂರನೆಯ ದಿನಕ್ಕೇ ಮೊಳೆತು, ಒಂಬತ್ತನೆಯ ದಿನಕ್ಕೆ ಗೇಣುದ್ದದ ಹೊಂಬಣ್ಣದ ಸಸಿಗಳಾಗಿ ನಿಂತವು. ಪ್ರಸಾದವೆಂದು ಕೈಗಿತ್ತ ಆ ಸಸಿಯನ್ನು ಹಿಡಿದುಕೊಂಡೇ ಪಂಡಿತರು ಮನೆಗೆ ಬಂದರು. ನಮ್ಮ ಕಡೆ ಮನೆಯೊಳಗೆ ಬೀಜ ಮೊಳೆಯಿಸುವುದು ಹೊಸದಲ್ಲ. ಆಗಮಗಳಲ್ಲಿ ಉತ್ಸವಕ್ಕೆ ಮೊದಲು ಅಂಕುರಾರ್ಪಣವೆಂಬ ವಿಧಿಯೇ ಇದೆ. ಪಾಲಿಕೆ, ಘಟಿಕೆ, ಶರಾವಗಳೆಂಬ ಮಣ್ಣಿನ ಪಾತ್ರೆಗಳನ್ನು ಅದಕ್ಕೆಂದೇ ಹೇಳಿದ್ದಾರೆ. ಶೀತದೇಶಗಳಲ್ಲಿ ಹಿಮಕ್ಕೆ ಅಂಜಿ ಸಸಿಗಳನ್ನು ಮನೆಯೊಳಗೆ ಬೆಳೆಸುತ್ತಾರಂತೆ. ಇಲ್ಲಿ ಅಂಜಿಕೆ ಸೂರ್ಯನದು. ಹೊರಗೆ ಹಿತ್ತಲು ಕಾಯ್ದ ಹಂಚಿನಂತಿರುವಾಗ, ಎರಡು ಮೊಳ ದಪ್ಪದ ಕಲ್ಲಿನ ಗೋಡೆಯೊಳಗೆ, ನೆಲದ ಮಟ್ಟದಲ್ಲಿ, ಬೀಜಕ್ಕೆ ಬೇಕಾದಷ್ಟೇ ಕಾವು ಇರುತ್ತದೆ. ರೋಹಿಣಿಯಲ್ಲಿ ಒಳಗೆ ಬಿತ್ತಿದ್ದು ಮೃಗಶಿರವನ್ನು ಒಳಗೇ ಕಳೆದು, ಆರಿದ್ರೆಯ ಹೊತ್ತಿಗೆ ನಾಲ್ಕೆಂಟು ಎಲೆಯ ಅಗಿಯಾಗಿ, ನೆನೆದ ನೆಲಕ್ಕೆ ಇಳಿಯುತ್ತದೆ. ಆ ತಾಯಿಯ ‘ನಡು ಮನೆಯ ಒಕ್ಕಲುತನ’ದ ಅರ್ಥ ಪಂಡಿತರಿಗೆ ಆಗ ಹೊಳೆಯಿತು. ಮಡಿ ಎಂದರೆ ಪಾತಿಯೂ ಹೌದು, ಶುಚಿಯೂ ಹೌದು ಎಂದು ತರಗತಿಯಲ್ಲಿ ಅವರು ನಾನಾರ್ಥ ಹೇಳಿಕೊಡುತ್ತಿದ್ದರು. ಸಸಿಮಡಿಗೆ ಆ ಎರಡೂ ಅರ್ಥ ಸಲ್ಲುತ್ತದೆಂಬುದು ಮಾತ್ರ ಹೊಳೆದಿರಲಿಲ್ಲ.

ಉತ್ತರದ ಉಳಿದರ್ಧವನ್ನು ಕೊಟ್ಟವಳು ಸಂತೆಯ ಮುದುಕಿ. ಕಾಗಿಣಾ ದಂಡೆಯ ಹಳ್ಳಿಯಿಂದ ಬಂದು ಮೆಣಸಿನ ಅಗಿ, ಬದನೆಯ ಅಗಿ ಮಾರುವವಳು, ಅಕ್ಷರಶತ್ರು. ಮರುವರ್ಷದ ರೋಹಿಣಿಯಲ್ಲಿ ಪಂಡಿತರು ಬೋಕಿಗಳನ್ನು ಸಾಲಿಟ್ಟು ಬಿತ್ತಿದ್ದರು. ತುಸು ಮೊಳೆತವು. ಆನಂದಕ್ಕೆ ಪಾರವಿಲ್ಲದೆ ದಿನಕ್ಕೆ ಮೂರು ಸಲ ನೀರು ಹಾಕಿದರು. ಐದನೆಯ ದಿನ ಮುಂಜಾನೆ ನೋಡಿದರೆ ಸಸಿಗಳೆಲ್ಲ ಬುಡದಲ್ಲಿ ನೂಲಿನಂತೆ ಸಣ್ಣಗಾಗಿ ಮಗುಚಿ ಬಿದ್ದಿದ್ದವು. ಸಸಿ ಸಾಯುವ ರೋಗವೆಂದು ಕೃಷಿಪಂಡಿತರು ಹೇಳುವುದು ಇದಕ್ಕೇ. ನಿಂತ ತೇವ, ಆಡದ ಗಾಳಿ, ಒತ್ತೊತ್ತಾದ ಬಿತ್ತನೆ, ಈ ಮೂರು ಕೂಡಿದಲ್ಲಿ ಮಣ್ಣಿನೊಳಗಿನ ಶಿಲೀಂಧ್ರಗಳು ಎಳೆಯ ಬುಡವನ್ನು ಕೊಳೆಯಿಸುತ್ತವೆ. ಪಂಡಿತರು ಸತ್ತ ಸಸಿಗಳ ಬೋಕಿಯನ್ನೇ ಸಂತೆಗೆ ಒಯ್ದು ಮುದುಕಿಯ ಮುಂದಿಟ್ಟರು. ಅವಳು ಮಣ್ಣನ್ನು ಬೆರಳಲ್ಲಿ ಹಿಸುಕಿ ನೋಡಿದಳು.

“ಮಾಸ್ತರ್ರ, ಕೂಸಿಗಿ ನೀರ ಕುಡಸ್ತಾರೋ, ಕೂಸಿನ್ನ ನೀರಾಗ ಮುಳಗಸ್ತಾರೋ?”

ಸಂತೆಯ ಜನ ನಕ್ಕರು. ಪಂಡಿತರು ನಗಲಿಲ್ಲ, ಅಲ್ಲಿಯೇ ಕುಕ್ಕರಗಾಲಿನಲ್ಲಿ ಕುಳಿತು ಪಾಠ ಕೇಳಿದರು. ಬರಿಯ ಎರೆಮಣ್ಣು ಬೇಡ, ಅದು ನೀರನ್ನು ಹಿಡಿದು ಬಿಡುವುದಿಲ್ಲ. ಹೊಳೆಯ ಮರಳು ಒಂದು ಪಾಲು, ಕೆಂಪು ಮಣ್ಣು ಒಂದು ಪಾಲು, ವರ್ಷ ಕಳೆದ ತಿಪ್ಪೆಗೊಬ್ಬರ ಒಂದು ಪಾಲು. ಬೋಕಿಯ ತಳಕ್ಕೆ ತೂತು. ತೂತಿನ ಮೇಲೆ ಹೆಂಚಿನ ಚೂರು. ನೀರನ್ನು ಮೇಲಿನಿಂದ ಹೊಯ್ಯದೆ, ಪರಾತದಲ್ಲಿ ನೀರಿಟ್ಟು ಬೋಕಿಯನ್ನು ಅದರಲ್ಲಿ ಕೂಡಿಸಿದರೆ ತಳದಿಂದ ತನಗೆ ಬೇಕಾದಷ್ಟನ್ನು ಅದೇ ಕುಡಿಯುತ್ತದೆ. “ಮ್ಯಾಲಿನ ಮಣ್ಣ ಒಣಗಿ ಬೆಳ್ಳಗಾಗೂತನ ಕೈ ಹಚ್ಚಬ್ಯಾಡ್ರಿ.” ಸಣ್ಣ ಬೀಜವನ್ನು ಮುಚ್ಚಬಾರದು, ಒಣಮರಳಿನಲ್ಲಿ ಬೆರೆಸಿ ಉದುರಿಸಿ ಅಂಗೈಯಿಂದ ಒತ್ತಬೇಕು, ದೊಡ್ಡ ಬೀಜವನ್ನು ಅದರ ದಪ್ಪದ ಎರಡರಷ್ಟು ಆಳಕ್ಕೆ ಇಡಬೇಕು. ಕೊತ್ತಂಬರಿಯನ್ನು ಚಪ್ಪಲಿಯಿಂದ ಉಜ್ಜಿ ಎರಡು ಹೋಳು ಮಾಡಬೇಕು. ಒಂದು ಕಾಳೆಂದು ಕಾಣುವುದರಲ್ಲಿ ಎರಡು ಬೀಜಗಳಿರುತ್ತವೆ. ಮೊಳೆತ ಮೇಲೆ ಕತ್ತಲೆ ಆಗದು. ಘಟದ ಸಸಿ ಹೊಂಬಣ್ಣವಾಗುವುದು ದೇವರಿಗೆ ಚೆಂದ. ಹಿತ್ತಲಿಗೆ ಹೋಗಬೇಕಾದ ಸಸಿಗೆ ಅದು ಕ್ಷಯ.

ಕೆಂಪು ಮಣ್ಣು ಚಿಂಚೋಳಿಯ ಮೈದುನನ ಕಡೆಯಿಂದ ಎರಡು ಚೀಲ ಬಂತು. ಮೂರನೆಯ ಬಾರಿ ಪಂಡಿತರು ಅವಸರ ಮಾಡಲಿಲ್ಲ. ಒಂದೊಂದು ಗಂಟಿನಿಂದ ಹತ್ತು ಹತ್ತು ಬೀಜ ಎಣಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ದಿನವೂ ಬಿಚ್ಚಿ ನೋಡಿ, ಮೊಳೆತ ಲೆಕ್ಕವನ್ನು ಹಳೆಯ ಹಾಜರಿ ಪುಸ್ತಕದ ಖಾಲಿ ಹಾಳೆಯಲ್ಲಿ ಬರೆದರು. ಮೆಂತ್ಯಕ್ಕೆ ಹತ್ತಕ್ಕೆ ಎಂಟು, ಸಬ್ಬಸಗಿಗೆ ನಾಲ್ಕು, ಅಜವಾನಕ್ಕೆ ಮೂರು. ಪರೀಕ್ಷೆಯ ಅಂಕಗಳನ್ನು ಜೀವಮಾನವಿಡೀ ಬರೆದ ಕೈಗೆ ಆ ಕೆಲಸ ಸುಲಭವಾಯಿತು.

ಅನಾಮಿಕವಾದ ಏಳರಲ್ಲಿ ಮೊದಲು ಗುರುತು ಹೇಳಿದ್ದು ಕಪ್ಪು ಕಾಳು. ಒದ್ದೆ ಬಟ್ಟೆಗೆ ತಾಗಿದ ಗಳಿಗೆಯೊಳಗೆ ಒಂದೊಂದೂ ಬಿಳಿಯ ಲೋಳೆಯ ಕವಚವನ್ನು ತೊಟ್ಟು ಕಪ್ಪೆಯ ತತ್ತಿಯಂತೆ ಉಬ್ಬಿತು. “ಇದು ಕಾಮಕಸ್ತೂರಿ! ಬ್ಯಾಸಗ್ಯಾಗ ಅತ್ತಿಯೋರು ಪಾನಕದಾಗ ಹಾಕ್ತಿದ್ದರಲ್ರಿ” ಎಂದಳು ಸೊಸೆ. ಕಂದು ಕಾಳು ತುಳಸಿ. ಅದೂ ತುಸು ಲೋಳೆಗಟ್ಟಿತು, ಎಂಟನೆಯ ದಿನ ಮೊಳೆಯಿತು, ಎರಡನೆಯ ಜೊತೆ ಎಲೆ ಬಂದಾಗ ಬೆರಳಿನಲ್ಲಿ ಉಜ್ಜಿದರೆ ಸಾಕಾಯಿತು. ಇನ್ನೊಂದು ತುಂಬೆಯೆಂದು ತಿಳಿದಾಗ ಪಂಡಿತರಿಗೆ ಆಶ್ಚರ್ಯ. ಮಳೆ ಬಿದ್ದರೆ ಹೊಲದ ಬದುವಿನಲ್ಲಿ ತಾನೇ ಹುಟ್ಟುವ ಕಳೆ ಅದು. ಅದರ ಬೀಜವನ್ನು ಯಾರಾದರೂ ಕಟ್ಟಿಡುವರೆ? ಮಳೆ ಕೈಕೊಟ್ಟ ವರ್ಷಗಳನ್ನು ಆಕೆ ಕಂಡಿದ್ದರೆಂಬುದು ಆಮೇಲೆ ನೆನಪಾಯಿತು. ಲಿಂಗಪೂಜೆಗೆ ಬಿಳಿಯ ತುಂಬೆಯ ಹೂ ಇಲ್ಲದೆ ಅವರು ಒಂದು ಶ್ರಾವಣವನ್ನೂ ಕಳೆದವರಲ್ಲ.

ಚಪ್ಪಟೆ ಬೀಜದವು ಎರಡು ಗಂಟು. ಒಂದರದು ಚಿಕ್ಕದು, ಇನ್ನೊಂದರದು ಅದರ ಎರಡರಷ್ಟು ದೊಡ್ಡದು. ಚಿಕ್ಕದು ಹಿರೇಮದ್ದು, ಸಂಸ್ಕೃತದ ಅಶ್ವಗಂಧ. ಎರಡು ವಾರಗಳ ಮೇಲೆ ಮೊಳೆತು, ಮೊದಲಿಗೆ ಬದನೆಯ ಸಸಿಯಂತೆಯೇ ಕಂಡು ಎಲ್ಲರನ್ನೂ ಮೋಸಗೊಳಿಸಿತು. ದೊಡ್ಡದು ಸೊಸೆ ಮೆಣಸಿನ ಬೀಜವೆಂದು ತೆಗೆದಿಟ್ಟದ್ದು. ಅದರ ಸಸಿ ಬೆಳೆಯುತ್ತ ಬಂದಂತೆ ಎಲೆ ಅಂಗೈಯಗಲವಾಯಿತು, ಮುಟ್ಟಿದರೆ ಅಹಿತವಾದ ವಾಸನೆ. ಸಂತೆಯ ಮುದುಕಿ ದಾರಿಯಲ್ಲಿ ಹೋಗುವಾಗ ಒಳಗೆ ಇಣಿಕಿ, “ಅಯ್ಯ ಮಾಸ್ತರ್ರ, ದತ್ತೂರಿ ಗಿಡಾನ ಅಡಿಗಿ ಮನಿ ಬಾಗಲಾಗ ಇಟ್ಟೀರಲ್ಲ!” ಎಂದಳು.

ಪಂಡಿತರು ಕುಳಿತಲ್ಲಿಯೇ ತಣ್ಣಗಾದರು. ಕಿತವ, ಧೂರ್ತ, ಉನ್ಮತ್ತ ಎಂದು ಅಮರಸಿಂಹನು ಈ ಗಿಡಕ್ಕೆ ಕೊಟ್ಟ ಹೆಸರುಗಳನ್ನು ಅವರು ನೂರಾರು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದರು. ವಂಚಕನೆಂಬ ಹೆಸರು ಯಾಕೆ ಬಂತೆಂದು ಆ ಕ್ಷಣದವರೆಗೆ ಯೋಚಿಸಿರಲಿಲ್ಲ. ದತ್ತೂರಿಯ ಬೀಜ ಮೆಣಸಿನ ಬೀಜವನ್ನು ಹೋಲುತ್ತದೆ; ತಿಂದವನಿಗೆ ಬಾಯಾರಿ, ಕಣ್ಣಿನ ಪಾಪೆ ಅಗಲವಾಗಿ, ಚಿತ್ತಭ್ರಮೆಯಾಗುತ್ತದೆ; ಮಿತಿ ಮೀರಿದರೆ ಪ್ರಾಣವೇ ಹೋಗುತ್ತದೆ. ಅದರ ಹೂ ಶಿವನಿಗೆ ಪ್ರಿಯವೆಂದು ಆಕೆ ಹಿತ್ತಲಿನ ತುದಿಯಲ್ಲಿ ಒಂದೇ ಗಿಡವನ್ನು ಬೆಳೆಸುತ್ತಿದ್ದರು. ಬೀಜ ಒಂದು ವರ್ಷ ಸೊಸೆಯ ಮಸಾಲೆಯ ಡಬ್ಬಿಗಳ ಪಕ್ಕದಲ್ಲಿತ್ತು. ಮನೆಯಲ್ಲಿ ಆರು ವರ್ಷದ ಮೊಮ್ಮಗಳು ಓಡಾಡುತ್ತಿದ್ದಳು.

ಆಗ ನೆನಪಾಯಿತು ದಬ್ಬಣ. ಹನ್ನೊಂದರಲ್ಲಿ ಬಿಚ್ಚಲೊಲ್ಲದ ಗಂಟು ಅದೊಂದೇ. ಉಳಿದವಕ್ಕೆ ಒಂದೇ ಸುತ್ತಿನ ಸಡಿಲ ಗಂಟು. ಅದಕ್ಕೆ ಮಾತ್ರ ಎರಡು ಸುತ್ತು ಬಿಗಿದು, ಮೇಲೆ ಮತ್ತೊಂದು ಗಂಟು. ಮಕ್ಕಳ ಬೆರಳಿಗೆ ಬಿಚ್ಚಬಾರದೆಂದೇ ಕಟ್ಟಿದ್ದು. ಪಂಡಿತರು ಆ ಹನ್ನೊಂದು ಬಟ್ಟೆಯ ತುಂಡುಗಳನ್ನು ಕಲ್ಲಿನ ಹಾಸಿನ ಮೇಲೆ ಹರಡಿದರು. ಮೆಂತ್ಯ, ಕೊತ್ತಂಬರಿ, ಸಬ್ಬಸಗಿ, ಅಜವಾನ ನಾಲ್ಕೂ ದಿನದ ಸೀರೆಯ ಹೂವಿನ ಬಟ್ಟೆ. ತುಳಸಿ, ಕಾಮಕಸ್ತೂರಿ, ಹಿರೇಮದ್ದು ಇಳಕಲ್ಲು ಸೀರೆಯ ಕೆಂಪು ದಡಿಯ ತುಂಡು. ಗಡುಸಾದ ಹಳದಿ ಕಾಳಿನದೂ ಅದೇ ದಡಿ. ತುಂಬೆ, ದತ್ತೂರಿ ಮತ್ತು ಆ ಹುಡಿ ಬೀಜ, ಈ ಮೂರು ಬಿಳಿಯ ಬಟ್ಟೆ. ಅಡುಗೆಯದಕ್ಕೆ ಒಂದು, ಮದ್ದಿನದಕ್ಕೆ ಒಂದು, ಪೂಜೆಯದಕ್ಕೆ ಒಂದು. ಹೆಸರು ಬರೆದಿರಲಿಲ್ಲ ಎಂದವರು ಯಾರು? ಚಿತ್ತಾಪುರದ ಬಳಿಯ ನಾಗಾವಿಯಲ್ಲಿ ಹನ್ನೊಂದನೆಯ ಶತಮಾನದ ಘಟಿಕಾಸ್ಥಾನದ ಶಾಸನದಲ್ಲಿ ಸರಸ್ವತೀ ಭಂಡಾರವನ್ನು ನೋಡಿಕೊಳ್ಳುವವರ ಉಲ್ಲೇಖವಿದೆ. ಅಲ್ಲಿಯ ಅರವತ್ತು ಕಂಬದ ಗುಡಿಗೆ ಶಿಷ್ಯರನ್ನು ಕರೆದೊಯ್ದು ಮಾಸಿದ ಅಕ್ಷರಗಳನ್ನು ಓದಿಸಿದವರು ಪಂಡಿತರು. ತಮ್ಮ ಮನೆಯ ಭಂಡಾರದ ಲಿಪಿಯನ್ನು ಓದಲು ಅವರಿಗೆ ಎರಡು ವರ್ಷ ಹಿಡಿಯಿತು. ಬಿಳಿಯ ಬಟ್ಟೆಯನ್ನು ಎತ್ತಿ ನೋಡಿದಾಗ ಅಂಚಿನಲ್ಲಿ ಮಾಸಿದ ಹಸಿರು ಗೆರೆ ಕಂಡಿತು. ಅದು ಅವರದೇ ಹಳೆಯ ಧೋತರ.

ಇಷ್ಟಾದರೂ ಹೊರಗಿಳಿಸುವ ಕೆಲಸ ಉಳಿದಿತ್ತು. ಒಳಗೆ ಬೆಳೆದ ಸಸಿಗಳು ಗವಾಕ್ಷಿಯ ಬೆಳಕಿನ ಕಡೆ ಕುತ್ತಿಗೆ ನೀಡುತ್ತಿದ್ದವು. ದಿನಕ್ಕೊಮ್ಮೆ ಬೋಕಿ ತಿರುಗಿಸುವುದು ಮೊಮ್ಮಗಳ ಪಾಲಿನ ಕೆಲಸವಾಯಿತು. ಆಮೇಲೆ ಅವನ್ನು ಮುಂಜಾನೆ ಒಂದು ತಾಸು ಜಗಲಿಗೆ, ಮರುದಿನ ಎರಡು ತಾಸು, ಹೀಗೆ ಎಂಟು ಹತ್ತು ದಿನ ಬಿಸಿಲು ಗಾಳಿಗಳನ್ನು ಅಭ್ಯಾಸ ಮಾಡಿಸಿ ಮೋಡದ ಸಂಜೆ ನೋಡಿ ನೆಟ್ಟರು. ವಾಡಿಯಲ್ಲಿರುವ ಮಗಳು ತನ್ನ ಪಾಲಿನ ಅಗಿಗಳನ್ನು ಹಾಲಿನ ಪಾಕೀಟುಗಳಲ್ಲಿ ತುಂಬಿಕೊಂಡು ಪ್ಯಾಸೆಂಜರ್ ಗಾಡಿಯಲ್ಲಿ ಒಯ್ದಳು. ಮಳಖೇಡ ರೋಡ್, ಚಿತ್ತಾಪುರಗಳ ಮೇಲೆ ಹೋಗುವ ಆ ಹಳಿ ನಿಜಾಮರ ಕಾಲದ್ದು, 1874ರದು. ತಿಂಗಳೊಳಗೆ ಅವಳ ಕಾಗದ ಬಂತು: ಎಳೆಯ ಎಲೆಗಳು ಹಳದಿ, ನರಗಳು ಮಾತ್ರ ಹಸಿರು. ವಾಡಿ, ಶಹಾಬಾದಗಳ ನೆಲದಡಿ ಸುಣ್ಣಕಲ್ಲಿನ ಪದರ; ಕಲ್ಲಿನ ಗಣಿಗೂ ಸಿಮೆಂಟಿಗೂ ಅದೇ ಆಧಾರ. ಆದರೆ ಬಾವಿಯ ನೀರಿನಲ್ಲಿ ಕರಗಿದ ಆ ಸುಣ್ಣ ಕುಂಡದಲ್ಲಿ ಸೇರುತ್ತ ಹೋದರೆ ಮಣ್ಣಿನ ಕಬ್ಬಿಣವು ಬೇರಿಗೆ ಸಿಕ್ಕದಂತಾಗುತ್ತದೆ. ಮಳೆಯ ನೀರನ್ನು ಹಿಡಿದು ಹಾಕು, ಎಲೆಗೊಬ್ಬರ ಹೆಚ್ಚು ಮಾಡು, ಎಲೆಯ ಮೇಲೆ ಕೂತ ಧೂಳನ್ನು ತೊಳೆ ಎಂದು ಪಂಡಿತರು ಬರೆದರು. ತುಳಸಿ ಬದುಕಿತು; ಅಜವಾನ ಹೋಯಿತು.

ಹಳದಿ ಕಾಳಿನ ಬೋಕಿ ಇಪ್ಪತ್ತು ದಿನವಾದರೂ ಮೊಳೆಯದೆ ಕೊಟ್ಟಿಗೆಯ ಮೂಲೆಗೆ ಸೇರಿತ್ತು. ಬಿಸಿನೀರಿನಲ್ಲಿ ನೆನೆಯಿಸಿದ ಎರಡನೆಯ ಕಂತು ಮೊಳೆತು ಎಲೆ ಬಿಟ್ಟಿತು. ಪಂಡಿತರು ಒಂದೆಲೆಯನ್ನು ನಾಲಿಗೆಗೆ ತಾಗಿಸಿ, ದಿನವಿಡೀ ಆ ಕಹಿಯನ್ನು ಹೊತ್ತು ತಿರುಗಿದರು. ನೆಲಬೇವು.

ಉಳಿದದ್ದು ಬಿಳಿಯ ಬಟ್ಟೆಯ ಹುಡಿ. ರೋಹಿಣಿಯಲ್ಲಿ ಹಾಕಿದ್ದು ಏಳಲಿಲ್ಲ. ಪೂಜೆಯದೆಂದು ಬಟ್ಟೆ ಹೇಳಿತು, ಹುಡಿಯಂಥ ಬೀಜವೆಂದು ಕಣ್ಣು ಹೇಳಿತು. ಕೂಡಿಸಿ ನೋಡಿದ ಮುದುಕಿ “ದವನ” ಎಂದಳು. ಅದು ಚಳಿಗಾಲದ ಬೆಳೆ, ಮಳೆಗಾಲದ್ದಲ್ಲ. ಕಾರ್ತಿಕದಲ್ಲಿ, ಅವಳು ಹೇಳಿದಂತೆ, ಬೀಜವನ್ನು ನೆನೆಯಿಸಿ ಬಟ್ಟೆಯಲ್ಲಿ ಕಟ್ಟಿ ಎರಡು ದಿನ ಇಟ್ಟು, ಮರಳಿನಲ್ಲಿ ಬೆರೆಸಿ ಬಿತ್ತಿದರು. ಒಂದೂ ಏಳಲಿಲ್ಲ. “ದವನದ ಬೀಜ ಹೋದ ಚೈತ್ರದ್ದು ಈ ಕಾರ್ತಿಕಕ್ಕ ಹಾಕಬೇಕ್ರಿ. ಅದನ್ನ ದಾಟಿದ್ರ ಮಣ್ಣಿನ ಪುಡಿ” ಎಂದಳು ಮುದುಕಿ. ಗಂಟಿನಲ್ಲಿದ್ದುದು ಆ ತಾಯಿ ಬಿತ್ತಿ ಮಿಗಿಸಿದ ಹಳೆಯ ಶೇಷ. ಹಾಗಾದರೆ ಹೊಸ ಬೀಜ ಎಲ್ಲಿ?

ಪಂಡಿತರು ಲೆಕ್ಕ ಹಾಕಿದರು. ಆಕೆ ಹೋದದ್ದು ಮಾಘದಲ್ಲಿ. ಆಗ ದವನ ಹಿತ್ತಲಿನಲ್ಲಿ ನಿಂತಿರಲೇಬೇಕು. ದುಃಖದ ಮನೆಯಲ್ಲಿ ಅದಕ್ಕೆ ನೀರು ಹೊಯ್ದವರಿಲ್ಲ. ಹೂವಾಗಿ, ಒಣಗಿ, ದವನದ ಹುಣ್ಣಿಮೆಯ ಮೇಲೆ ಕೊಯ್ದು ಬೀಜ ಒಕ್ಕಬೇಕಾಗಿದ್ದ ಕಡ್ಡಿಗಳು ಅಲ್ಲಿಯೇ ಇದ್ದವು. ಯುಗಾದಿಯ ವಾರದಲ್ಲಿ ಮಡಿ ಮಾಡಲು ಹಿತ್ತಲು ಅಗೆಸಿ, ಕಡ್ಡಿಕಸವನ್ನೆಲ್ಲ ಕೀಳಿಸಿದವರು ಯಾರು? ಸೊಸೆಯನ್ನು ಕೇಳಿದರು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು:

“ಬೂದಿಬಣ್ಣದ್ದು ಒಂದು ಹೊರಿ ಇತ್ತರಿ. ನೀರೊಲಿಗಿ ಹಾಕಿದ್ದೆ. ಆವತ್ತ ಮನಿ ತುಂಬ ಏನ ಘಮ ಬಂದಿತ್ತು. ನೀವು ಯಾರ ಮನ್ಯಾಗ ಪೂಜಿ ನಡದಾದ ಅಂತ ಕೇಳಿದ್ರಿ.”

ಈಗ ವರ್ಷ ವರ್ಷವೂ ರೋಹಿಣಿಗೆ ಪಡಸಾಲೆಯಲ್ಲಿ ಬೋಕಿಗಳ ಸಾಲು ಕೂಡುತ್ತದೆ. ಶಾಲೆಯ ಹುಡುಗರು ಆರಿದ್ರೆಯಲ್ಲಿ ಬಂದು ಅಗಿ ಒಯ್ಯುತ್ತಾರೆ. ದತ್ತೂರಿಯನ್ನು ಮಾತ್ರ ಯಾರಿಗೂ ಕೊಡುವುದಿಲ್ಲ. ಪ್ರತಿ ಗಂಟಿಗೂ ಹೆಸರು, ಕೊಯ್ದ ತಿಂಗಳು, ವರ್ಷ ಬರೆದ ಚೀಟಿ ಇದೆ. ಆದರೆ ಬಟ್ಟೆಯ ಬಣ್ಣವನ್ನೂ ಇಮ್ಮಡಿ ಗಂಟನ್ನೂ ಪಂಡಿತರು ಬದಲಿಸಲಿಲ್ಲ. ದವನದ ಹೊಸ ಬೀಜವನ್ನು ಹೊರಗಿನಿಂದ ತರಿಸಿ ಕಾರ್ತಿಕದಲ್ಲಿ ಬಿತ್ತಿದರು. ಅದು ಚೆನ್ನಾಗಿಯೇ ಬಂದಿದೆ. ಅದರ ಬೀಜವನ್ನು ಬೇರೆಯ ಬಟ್ಟೆಯಲ್ಲಿ ಕಟ್ಟಿ, ಹನ್ನೆರಡು ಎಂದು ಬರೆದಿದ್ದಾರೆ. ಹನ್ನೊಂದನೆಯದು ಧೋತರದ ತುಂಡಿನಲ್ಲಿ, ಬೂದಿಯ ಗಡಿಗೆಯ ತಳದಲ್ಲಿ, ಇದ್ದಂತೆಯೇ ಇದೆ.